ಕಾಸರಗೋಡಿನ ಮಕ್ಕಳ ಚೆಸ್ ಟೂರ್ನಮೆಂಟ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಮಕ್ಕಳನ್ನು ಮೊದಲ ಸಲ ಚೆಸ್ ಟೂರ್ನಮೆಂಟಿಗೆ ಕರೆತರುವವರು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಟೂರ್ನಮೆಂಟಿನ ನೋಟೀಸು ಸಾಮಾನ್ಯವಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯ ಮಗು ಮತ್ತು ಅದರ ಅಪ್ಪ-ಅಮ್ಮ ಜೊತೆಗೆ ಕೂತು ಓದಿಕೊಳ್ಳಲಿ ಎಂದು ಇದನ್ನು ಬರೆದದ್ದು. ಎಲ್ಲ ಉತ್ತರಗಳೂ ಒಂದೇ ಉದ್ದ ಇಲ್ಲ. ಎಲ್ಲಿ ಜಗಳ ಆಗುತ್ತದೋ ಅಲ್ಲಿ ಜಾಸ್ತಿ ಬರೆದಿದ್ದೇನೆ.

ಮಗುವಿಗೆ ಆಟ ಬರುತ್ತದೆ. ಟೂರ್ನಮೆಂಟಿಗೆ ಅಷ್ಟು ಸಾಕಾ?

ಮನೆಯ ಆಟಕ್ಕೆ ಸಾಕು, ಟೂರ್ನಮೆಂಟಿಗೆ ಸಾಲದು. ಕಾಯಿ ನಡೆಸುವುದರ ಜೊತೆಗೆ ಕ್ಯಾಸ್ಲಿಂಗ್ (ರಾಜನೂ ಮೂಲೆಯ ಕಾಯಿಯೂ ಒಂದೇ ಮೂವ್‌ನಲ್ಲಿ ಸರಿಯುವುದು), ಪಾನ್ (ಕಾಲಾಳು) ಕೊನೆ ಮನೆ ಮುಟ್ಟಿದಾಗ ಬದಲಾಗುವುದು, ಆನ್ ಪಾಸಾಂ (ಎರಡು ಮನೆ ಹೋಗಿ ಪಕ್ಕಕ್ಕೆ ಬಂದ ಪಾನನ್ನು ಒಂದೇ ಮನೆ ಹೋದ ಹಾಗೆ ಹೊಡೆಯುವುದು) ಇವಿಷ್ಟು ಗೊತ್ತಿರಬೇಕು. ಗಡಿಯಾರ ಒತ್ತುವುದು ಅಭ್ಯಾಸ ಆಗಿರಬೇಕು. ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮ ತಿಳಿದಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಏನಾದರೂ ಸಂಶಯ ಬಂದರೆ ಕೈ ಎತ್ತಿ ಆರ್ಬಿಟರನ್ನು (ಆಟದ ತೀರ್ಪುಗಾರರನ್ನು) ಕರೆಯುವ ಧೈರ್ಯ ಮಗುವಿಗೆ ಇರಬೇಕು. ನಮ್ಮ ಕಡೆಯ ಮಕ್ಕಳು ಆಟದಲ್ಲಿ ಹಿಂದೆ ಬೀಳುವುದಕ್ಕಿಂತ ಇಲ್ಲಿ ಹಿಂದೆ ಬೀಳುವುದೇ ಹೆಚ್ಚು. ಎದುರಿನ ಮಗು ಜೋರಾಗಿ ಮಾತಾಡಿದರೆ ಸುಮ್ನೆ ತಲೆ ತಗ್ಗಿಸಿ ಒಪ್ಪಿಕೊಂಡು ಬರುತ್ತಾರೆ.

ಅಜ್ಜ ಕಲಿಸಿದ ಆಟಕ್ಕೂ ಇದಕ್ಕೂ ವ್ಯತ್ಯಾಸ ಇದೆಯಾ?

ಇದೆ. ಹಳೆಯ ನಮ್ಮ ಚದುರಂಗದಲ್ಲಿ ಪಾನ್ ಮೊದಲ ಸಲವೂ ಒಂದೇ ಮನೆ ಹೋಗುತ್ತಿತ್ತು. ಈಗಿನಂತೆ ಕ್ಯಾಸ್ಲಿಂಗ್ ಇರಲಿಲ್ಲ. ಬದಲಿಗೆ ರಾಜನಿಗೆ ಒಂದು ಸಲ ಕುದುರೆಯ ಹಾಗೆ ಹಾರುವ ಅವಕಾಶ ಇತ್ತು. ಅವಿಭಜಿತ ಭಾರತದ ಮೀರ್ ಸುಲ್ತಾನ್ ಖಾನ್ ಇಂಥ ನಿಯಮಗಳಲ್ಲಿ ಆಡಿ ಬೆಳೆದವರು. ಹೊಸ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅಜ್ಜನ ಹತ್ತಿರ ಕಲಿತದ್ದು ದಂಡ ಅಲ್ಲ. ಆದರೆ ಟೂರ್ನಮೆಂಟಿಗೆ ಬರುವ ಮೊದಲು ಯಾರಾದರೂ ಹೊಸ ನಿಯಮ ಹೇಳಿಕೊಡಲಿ.

ಕೋಚ್ ‘ಆನೆ’ ಅಂದದ್ದು ಬಿಷಪ್‌ಗೆ. ನಮ್ಮ ಮನೆಯಲ್ಲಿ ರೂಕ್‌ಗೆ ಆನೆ ಅನ್ನುತ್ತೇವೆ. ಯಾವುದು ಸರಿ?

ಎರಡೂ ಸರಿ. ಕನ್ನಡದವರು ಮೂಲೆಯ ಕಾಯಿಗೆ ಆನೆ, ಬಿಷಪ್‌ಗೆ ಒಂಟೆ ಅನ್ನುತ್ತಾರೆ. ಮಲಯಾಳದಲ್ಲಿ ಮೂಲೆಯದು ತೇರು, ಬಿಷಪ್ಪೇ ಆನೆ. ಕಾಸರಗೋಡಿನಲ್ಲಿ ಎರಡೂ ಭಾಷೆ ಕೇಳಿ ಬೆಳೆಯುವ ಆರು ವರ್ಷದ ಮಗುವಿಗೆ ಇದು ನಿಜವಾಗಿಯೂ ಗೊಂದಲ. ಸುಲಭದ ದಾರಿ ಅಂದರೆ ರೂಕ್, ಬಿಷಪ್ ಎಂದೇ ಕಲಿಸುವುದು. ಆರ್ಬಿಟರ್ ಹತ್ತಿರ ಮಾತಾಡುವಾಗಲೂ ಅದೇ ಹೆಸರು ಬೇಕಾಗುತ್ತದೆ. ಇಲ್ಲಿ ನಾನೂ ಅದನ್ನೇ ಬಳಸುತ್ತೇನೆ. ಕುದುರೆಯ ವಿಷಯದಲ್ಲಿ ಯಾರಿಗೂ ತಕರಾರಿಲ್ಲ, ಹಾಗಾಗಿ ಕುದುರೆ ಕುದುರೆಯೇ.

ವಯಸ್ಸಿನ ಗುಂಪು ಲೆಕ್ಕ ಹಾಕುವುದು ಹೇಗೆ?

ನಮ್ಮ ದೇಶದಲ್ಲಿ ಅಖಿಲ ಭಾರತ ಚೆಸ್ ಫೆಡರೇಶನ್ನಿನ ಗುಂಪುಗಳು ಅಂಡರ್-7, 9, 11, 13, 15, 17, 19 ಎಂದು ಹೋಗುತ್ತವೆ. ವಿಶ್ವ ಸಂಸ್ಥೆ ಫಿಡೆಯ ಗುಂಪುಗಳು ಅಂಡರ್-8, 10, 12, 14, 16, 18. ಎರಡರಲ್ಲೂ ಆ ವರ್ಷದ ಜನವರಿ 1ರ ಲೆಕ್ಕ. ಟೂರ್ನಮೆಂಟ್ ನಡೆಯುವ ದಿನ ಮಗುವಿಗೆ ಎಷ್ಟು ವಯಸ್ಸು ಎಂಬುದು ಬೇಡ. ನೋಟೀಸಿನಲ್ಲಿ ‘ಇಂಥ ದಿನಾಂಕದಂದು ಅಥವಾ ಅದರ ನಂತರ ಹುಟ್ಟಿದವರು’ ಎಂದು ಬರೆದಿರುತ್ತಾರೆ. ಅದನ್ನೊಂದು ಓದಿದರೆ ಸಾಕು. ಜನನ ಪ್ರಮಾಣಪತ್ರದ ಒಂದು ಪ್ರತಿ ಚೀಲದಲ್ಲಿರಲಿ.

ಶಾಲಾ ಕ್ರೀಡೆಯದು ಬೇರೆ ದಾರಿ. ಅಲ್ಲಿ ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೇಲೆ ಹೋಗಬೇಕು. ನಮ್ಮ ಕನ್ನಡ ಶಾಲೆಗಳು ಹೆಚ್ಚಾಗಿ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಬರುತ್ತವೆ. ಅದಕ್ಕೆ ಹೆಸರು ಕೊಡಬೇಕಾದದ್ದು ಶಾಲೆಯ ಮೂಲಕ. ದೈಹಿಕ ಶಿಕ್ಷಕರ ಹತ್ತಿರ ಶಾಲೆ ಶುರುವಾದ ಕೂಡಲೇ ಹೇಳಿಡಿ. ಚೆಸ್ ಆಡುವ ಮಗು ಶಾಲೆಯಲ್ಲಿದೆ ಎಂಬುದೇ ಅವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

ನಮಗೆ ಮಂಗಳೂರು ಹತ್ತಿರ. ಅಲ್ಲಿಯ ಟೂರ್ನಮೆಂಟಿನಲ್ಲಿ ಆಡಬಹುದಾ?

ಎಲ್ಲರಿಗೂ ತೆರೆದ ಟೂರ್ನಮೆಂಟ್ ಆದರೆ ಧಾರಾಳವಾಗಿ ಆಡಬಹುದು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮಂಜೇಶ್ವರ, ಉಪ್ಪಳದವರಿಗೆ ಇನ್ನೂ ಹತ್ತಿರ. ಆದರೆ ರಾಜ್ಯ ತಂಡದ ಆಯ್ಕೆಯ ಸ್ಪರ್ಧೆ ಬೇರೆ ಮಾತು. ಫೆಡರೇಶನ್ನಿನಲ್ಲಿ ನೋಂದಾಯಿಸುವಾಗ ಮಗು ಒಂದು ರಾಜ್ಯದ ಹೆಸರಿನಲ್ಲಿರುತ್ತದೆ. ಕಾಸರಗೋಡಿನ ಮಗು ಕೇರಳದ ಆಟಗಾರ. ಹಾಗಾಗಿ ಆಯ್ಕೆಗೆ ಆಡಬೇಕಾದದ್ದು ಕೇರಳದ ಸ್ಪರ್ಧೆಯಲ್ಲಿ.

ಮೊದಲ ಸುತ್ತಿನಲ್ಲೇ ಅಷ್ಟು ದೊಡ್ಡ ಆಟಗಾರನ ಎದುರು ಹಾಕಿದ್ದಾರೆ. ಇದು ಮೋಸ ಅಲ್ವಾ?

ಅಲ್ಲ. ಇದು ಸ್ವಿಸ್ ಪದ್ಧತಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಈ ಹೆಸರು. ಎಲ್ಲ ಮಕ್ಕಳನ್ನೂ ರೇಟಿಂಗ್ (ಆಟಗಾರನ ಬಲ ತೋರಿಸುವ ಅಂಕಿ) ಪ್ರಕಾರ ಸಾಲಾಗಿ ನಿಲ್ಲಿಸಿ, ಸಾಲನ್ನು ಮಧ್ಯದಲ್ಲಿ ಎರಡು ಮಾಡುತ್ತಾರೆ. 40 ಮಕ್ಕಳಿದ್ದರೆ 1ನೆಯವನಿಗೆ 21ನೆಯವನು, 2ನೆಯವನಿಗೆ 22ನೆಯವನು. ರೇಟಿಂಗ್ ಇಲ್ಲದ ಹೊಸ ಮಗು ಕೆಳಗಿನ ಅರ್ಧದಲ್ಲಿರುತ್ತದೆ. ಅದಕ್ಕೆ ಮೊದಲ ಸುತ್ತಿನಲ್ಲಿ ಬಲವಾದವರೇ ಸಿಗುತ್ತಾರೆ.

ಎರಡನೇ ಸುತ್ತಿನಿಂದ ಒಂದೇ ಅಂಕ ಇರುವವರು ಎದುರುಬದುರು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ. ಸೋತರೂ ಯಾರೂ ಹೊರಗೆ ಹೋಗುವುದಿಲ್ಲ, ಎಲ್ಲ ಸುತ್ತೂ ಆಡಬಹುದು. ಗೆಲುವಿಗೆ 1, ಡ್ರಾಗೆ ಅರ್ಧ. ಸಂಖ್ಯೆ ಬೆಸವಾದರೆ ಒಬ್ಬರಿಗೆ ಆಟವಿಲ್ಲದೆ 1 ಅಂಕ ಸಿಗುತ್ತದೆ. ಅದಕ್ಕೆ ಬೈ ಅನ್ನುತ್ತಾರೆ. ಮೊದಲ ಸುತ್ತು ಸೋತ ತಕ್ಷಣ ಮಗುವನ್ನು ಎಬ್ಬಿಸಿ ಬಸ್ ಹತ್ತಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿಗೆ ಸರಿಜೋಡಿ ಸಿಗುವುದೇ ಮೂರನೇ, ನಾಲ್ಕನೇ ಸುತ್ತಿನಲ್ಲಿ.

ಗಡಿಯಾರದ ಲೆಕ್ಕ ಅರ್ಥ ಆಗುವುದಿಲ್ಲ. ‘10 ಪ್ಲಸ್ 5’ ಅಂದರೆ ಏನು?

ಪ್ರತಿ ಮಗುವಿಗೆ 10 ನಿಮಿಷ. ಜೊತೆಗೆ ಪ್ರತಿ ಮೂವ್‌ಗೂ 5 ಸೆಕೆಂಡ್ ಸೇರುತ್ತದೆ. 60 ಮೂವ್ ಲೆಕ್ಕ ಹಿಡಿದರೆ ಒಟ್ಟು 15 ನಿಮಿಷ ಆಯಿತು. ಈ ಒಟ್ಟು 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಿಟ್ಜ್. 10ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ ಇದ್ದರೆ ರ್‍ಯಾಪಿಡ್. 60 ಅಥವಾ ಅದಕ್ಕಿಂತ ಮೇಲೆ ಕ್ಲಾಸಿಕಲ್. ಒಂದೇ ದಿನದಲ್ಲಿ ಮುಗಿಯುವ ಊರಿನ ಟೂರ್ನಮೆಂಟುಗಳು ಹೆಚ್ಚಾಗಿ ರ್‍ಯಾಪಿಡ್.

ಯಾವ ಕೈಯಲ್ಲಿ ಕಾಯಿ ಆಡುತ್ತದೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ಮನೆಯಲ್ಲಿ ಇದನ್ನು ಯಾರೂ ಅಭ್ಯಾಸ ಮಾಡಿಸುವುದಿಲ್ಲ. ಮಗು ಬಲಗೈಯಲ್ಲಿ ಆಡಿ ಎಡಗೈಯಲ್ಲಿ ಒತ್ತುತ್ತದೆ. ಕ್ಯಾಸ್ಲಿಂಗ್ ಮಾಡುವಾಗ ಎರಡೂ ಕೈ ಬಳಸಿ ಗಡಿಯಾರ ಒತ್ತಿದರೆ ಅದು ನಿಯಮ ತಪ್ಪಿದ ಮೂವ್‌ಗೆ ಸಮ. ಸಮಯ ಮುಗಿದವರು ಸೋತರು. ಆದರೆ ಎದುರಿನವರ ಹತ್ತಿರ ಯಾವ ರೀತಿಯಲ್ಲೂ ಚೆಕ್‌ಮೇಟ್ ಮಾಡಲು ಆಗದಷ್ಟು ಕಡಿಮೆ ಕಾಯಿ ಇದ್ದರೆ, ಉದಾಹರಣೆಗೆ ಬರೀ ರಾಜ ಮಾತ್ರ ಉಳಿದಿದ್ದರೆ, ಆಟ ಡ್ರಾ.

ಮುಟ್ಟಿದ ಕಾಯಿಯನ್ನು ಆಡಲೇಬೇಕಾ?

ಆಡಲೇಬೇಕು. ಬೇಕೆಂದೇ ಮುಟ್ಟಿದ್ದು ತನ್ನ ಕಾಯಿಯಾದರೆ ಅದನ್ನೇ ನಡೆಸಬೇಕು. ಎದುರಿನವರ ಕಾಯಿಯಾದರೆ ಅದನ್ನು ಹೊಡೆಯಬೇಕು. ಎರಡರಲ್ಲೂ, ನಿಯಮದ ಪ್ರಕಾರ ಸಾಧ್ಯ ಇದ್ದರೆ ಮಾತ್ರ. ಕಾಯಿ ಓರೆಯಾಗಿದೆ, ನೇರ ಮಾಡಬೇಕು ಅಂತಾದರೆ ಮುಟ್ಟುವ ಮೊದಲು ‘ಅಡ್ಜಸ್ಟ್’ ಎಂದು ಹೇಳಬೇಕು. ಮುಟ್ಟಿದ ಮೇಲೆ ಹೇಳಿದರೆ ಲೆಕ್ಕಕ್ಕಿಲ್ಲ. ತೋಳು ತಾಗಿ ಬಿದ್ದದ್ದು ಮುಟ್ಟಿದ ಹಾಗಲ್ಲ.

ಕ್ಯಾಸ್ಲಿಂಗ್‌ನಲ್ಲಿ ಮೊದಲು ರಾಜನನ್ನು ಮುಟ್ಟಬೇಕು. ರೂಕ್ ಮೊದಲು ಮುಟ್ಟಿದರೆ ಆ ಬದಿಗೆ ಕ್ಯಾಸ್ಲಿಂಗ್ ಇಲ್ಲ, ರೂಕ್ ಮಾತ್ರ ಆಡಬೇಕಾಗುತ್ತದೆ.

ಮಕ್ಕಳ ಜಗಳದಲ್ಲಿ ಹೆಚ್ಚಿನದು ಇದೇ. ‘ಮುಟ್ಟಿದ್ದೀ’, ‘ಇಲ್ಲ, ಮುಟ್ಟಲಿಲ್ಲ.’ ಆರ್ಬಿಟರ್ ಕಣ್ಣಾರೆ ನೋಡದಿದ್ದರೆ ಅವರಿಗೂ ತೀರ್ಮಾನ ಕಷ್ಟ. ತಾನು ಮುಟ್ಟಿದ್ದು ಹೌದಾದರೆ ಹೌದು ಎಂದು ಒಪ್ಪಿ ಆಡುವ ಮಗುವಿನ ಬಗ್ಗೆ ಆರ್ಬಿಟರುಗಳಿಗೆ ಒಳ್ಳೆಯ ನೆನಪು ಉಳಿಯುತ್ತದೆ. ಇದು ನನ್ನ ಅನಿಸಿಕೆ ಅಷ್ಟೆ, ನಿಯಮದಲ್ಲಿಲ್ಲ.

ಎದುರಿನ ಮಗು ಚೆಕ್ ಇದ್ದರೂ ರಾಜನನ್ನು ಸರಿಸಲಿಲ್ಲ. ನಮ್ಮವನು ರಾಜನನ್ನೇ ಹೊಡೆದ. ಆದರೂ ಗೆಲುವು ಕೊಡಲಿಲ್ಲ. ಯಾಕೆ?

ರಾಜನನ್ನು ಹೊಡೆಯುವುದೂ ನಿಯಮಕ್ಕೆ ವಿರುದ್ಧ. ನಿಮ್ಮ ಮಗ ಕಾಯಿಗೆ ಕೈ ಹಾಕುವ ಬದಲು ಗಡಿಯಾರ ನಿಲ್ಲಿಸಿ ಕೈ ಎತ್ತಬೇಕಿತ್ತು. ಆಗ ಆರ್ಬಿಟರ್ ಬಂದು ಆ ಮೂವ್ ಹಿಂದೆ ತೆಗೆಸುತ್ತಾರೆ. ನಿಮ್ಮ ಮಗನಿಗೆ 2 ನಿಮಿಷ ಹೆಚ್ಚು ಕೊಡುತ್ತಾರೆ. ಬ್ಲಿಟ್ಜ್ ಆದರೆ 1 ನಿಮಿಷ. ಅದೇ ಎದುರಾಳಿ ಅದೇ ಆಟದಲ್ಲಿ ಎರಡನೇ ಸಲ ಇಂಥ ತಪ್ಪು ಮಾಡಿದರೆ ಸೋತ ಹಾಗೆ.

ಒಂದು ವಿಷಯ ನೆನಪಿರಲಿ. ಒಬ್ಬ ಆರ್ಬಿಟರ್ ಹಲವು ಬೋರ್ಡ್ ನೋಡಿಕೊಳ್ಳುವ ರ್‍ಯಾಪಿಡ್‌ನಲ್ಲಿ, ನಿಮ್ಮ ಮಗು ತನ್ನ ಮುಂದಿನ ಮೂವ್ ಆಡಿಬಿಟ್ಟರೆ ಹಿಂದಿನ ತಪ್ಪಿನ ಬಗ್ಗೆ ಕೇಳುವ ಹಕ್ಕು ಹೋಗುತ್ತದೆ. ಊಟದ ಹೊತ್ತಿಗೆ ನೆನಪಾಗಿ ಹೇಳಿದರೆ ಏನೂ ಮಾಡಲು ಆಗುವುದಿಲ್ಲ.

ಪಾನ್ ಕ್ವೀನ್ (ಮಂತ್ರಿ) ಆಗುವಾಗ ಇನ್ನೊಂದು ಎಡವಟ್ಟು. ಎರಡನೇ ಕ್ವೀನ್ ಕೈಗೆ ಸಿಗುವುದಿಲ್ಲ ಎಂದು ಮಕ್ಕಳು ರೂಕ್ ಒಂದನ್ನು ತಲೆಕೆಳಗಾಗಿ ಇಟ್ಟು ಕ್ವೀನ್ ಅನ್ನುತ್ತಾರೆ. ಟೂರ್ನಮೆಂಟಿನಲ್ಲಿ ತಲೆಕೆಳಗಾದ ರೂಕ್ ರೂಕೇ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಹತ್ತಿರ ಕ್ವೀನ್ ಕೇಳಿ ತೆಗೆದುಕೊಳ್ಳಬಹುದು.

ಮಕ್ಕಳ ಒಂದು ಆಟ ಶುರುವಿನಿಂದ ಕೊನೆವರೆಗೆ ಹೇಗೆ ಸಾಗುತ್ತದೆ?

ಒಂದು ಮಾದರಿ ಹೇಳುತ್ತೇನೆ. ಅಂಡರ್-11, ಮೂರನೇ ಸುತ್ತು, 10 ಪ್ಲಸ್ 5. ಬಿಳಿ ಕಾಯಿ ಬದಿಯಡ್ಕ ಕಡೆಯ ಒಬ್ಬಳು ಹುಡುಗಿಗೆ, ಕಪ್ಪು ಕಾಞಂಗಾಡಿನ ಒಬ್ಬ ಹುಡುಗನಿಗೆ ಎಂದಿಟ್ಟುಕೊಳ್ಳಿ. ಇಬ್ಬರೂ ಕಲ್ಪನೆಯವರು, ಆಟ ಮಾತ್ರ ಮಕ್ಕಳ ಬೋರ್ಡುಗಳಲ್ಲಿ ದಿನಾ ಕಾಣುವಂಥದ್ದು.

ಇ4, ಎಫ್3 ಎಂಬಂಥವು ಬೋರ್ಡಿನ ಅಂಚಿನ ಅಕ್ಷರ ಮತ್ತು ಅಂಕಿ ಸೇರಿಸಿ ಹೇಳುವ ಮನೆಯ ಹೆಸರುಗಳು. ಬಿಳಿ ಪಾನ್ ಇ4, ಕಪ್ಪು ಪಾನ್ ಇ5. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6. ಬಿಳಿ ಬಿಷಪ್ ಸಿ4, ಕಪ್ಪಿನ ಇನ್ನೊಂದು ಕುದುರೆ ಎಫ್6. ಇಲ್ಲಿಯವರೆಗೆ ಇಬ್ಬರೂ ಒಂದು ನಿಮಿಷವೂ ಖರ್ಚು ಮಾಡಿರುವುದಿಲ್ಲ. ಈಗ ಹುಡುಗಿ ಕುದುರೆಯನ್ನು ಜಿ5ಕ್ಕೆ ಹಾರಿಸುತ್ತಾಳೆ. ಬಿಷಪ್ಪೂ ಕುದುರೆಯೂ ಸೇರಿ ಎಫ್7ರ ಪಾನ್ ಮೇಲೆ ಬಿದ್ದಿವೆ. ಆ ಪಾನ್‌ಗೆ ರಾಜನೊಬ್ಬನೇ ಕಾವಲು. ಹುಡುಗ ಪಾನ್ ಡಿ5 ಆಡುತ್ತಾನೆ, ಅದು ಸರಿಯಾದ ಉತ್ತರ. ಬಿಳಿ ಪಾನ್ ಅದನ್ನು ಹೊಡೆಯುತ್ತದೆ.

ಮುಂದಿನ ಮೂವ್‌ನಲ್ಲಿ ಗೊತ್ತಿರುವವರು, ಗೊತ್ತಿಲ್ಲದವರು ಬೇರೆಯಾಗುತ್ತಾರೆ. ಕುದುರೆಯಿಂದ ಡಿ5ರ ಪಾನ್ ಹೊಡೆಯಬೇಕೆಂದು ಎಲ್ಲರಿಗೂ ಅನಿಸುತ್ತದೆ. ಹೊಡೆದರೆ ಬಿಳಿ ಕುದುರೆ ಎಫ್7ಕ್ಕೆ ನುಗ್ಗಿ ಕ್ವೀನ್ ಮತ್ತು ರೂಕ್ ಎರಡಕ್ಕೂ ಕೈ ಹಾಕುತ್ತದೆ. ರಾಜ ಆ ಕುದುರೆಯನ್ನು ಹೊಡೆಯಲೇಬೇಕು. ಆಮೇಲೆ ಬಿಳಿ ಕ್ವೀನ್ ಎಫ್3ಕ್ಕೆ ಬಂದು ಚೆಕ್. ಡಿ5ರ ಕುದುರೆ ಉಳಿಯಬೇಕಾದರೆ ರಾಜ ಇ6ಕ್ಕೆ, ಅಂದರೆ ಬೋರ್ಡಿನ ನಡುಮಧ್ಯಕ್ಕೆ ನಡೆಯಬೇಕು. ಗೊತ್ತಿರುವ ಮಗು ಡಿ5 ಹೊಡೆಯುವುದಿಲ್ಲ. ಸಿ6ರ ಕುದುರೆಯನ್ನು ಎ5ಕ್ಕೆ ಆಡಿ ಬಿಷಪ್ಪನ್ನು ಓಡಿಸುತ್ತದೆ.

ನಮ್ಮ ಹುಡುಗ ಹೊಡೆದ ಎಂದೇ ಇಟ್ಟುಕೊಳ್ಳಿ. ರಾಜ ಇ6ರಲ್ಲಿದ್ದಾನೆ. ಹುಡುಗಿ ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಂದು ಡಿ5ರ ಮೇಲೆ ಭಾರ ಹಾಕುತ್ತಾಳೆ. ನೋಡುವವರಿಗೆ ಬಿಳಿ ಗೆದ್ದೇಬಿಟ್ಟ ಹಾಗೆ. ಆದರೆ ಅವಳು ಈಗಾಗಲೇ ಒಂದು ಕುದುರೆ ಬಲಿ ಕೊಟ್ಟಿದ್ದಾಳೆ. ಹುಡುಗ ಸಿ6ರ ಕುದುರೆಯನ್ನು ಬಿ4ಕ್ಕೆ ತಂದರೆ ಡಿ5ಕ್ಕೆ ಕಾವಲೂ ಆಯಿತು, ಸಿ2ಕ್ಕೆ ಹಾರಿ ರಾಜನಿಗೆ ಚೆಕ್ ಕೊಟ್ಟು ಎ1ರ ರೂಕ್ ಎತ್ತುವ ಬೆದರಿಕೆಯೂ ಆಯಿತು. ಬಿಳಿಯ ಸ್ಥಾನ ಚೆನ್ನಾಗಿದೆ ನಿಜ. ಆದರೆ ಅದನ್ನು ಗೆಲುವಾಗಿ ಮಾಡಲು ಒಂದೊಂದು ಮೂವ್‌ಗೂ ಕೂತು ಲೆಕ್ಕ ಹಾಕಬೇಕು. ಬಾಯಿಪಾಠ ಮಾಡಿದ ಮೂವ್‌ಗಳು ಇಲ್ಲಿಗೆ ಮುಗಿಯುತ್ತವೆ. ಹೆಚ್ಚಿನ ಮಕ್ಕಳು ಆಗಲೂ ಅದೇ ವೇಗದಲ್ಲಿ ಆಡುತ್ತಾರೆ. ಗಡಿಯಾರದಲ್ಲಿ 9 ನಿಮಿಷ ಇಟ್ಟುಕೊಂಡೇ ಸೋಲುವ ಮಕ್ಕಳು ಎಷ್ಟು ಬೇಕಾದರೂ ಇದ್ದಾರೆ.

ಮಧ್ಯದ ಗಲಾಟೆ ಬಿಡೋಣ. ಕೊನೆಗೆ ಬಿಳಿಗೆ ರಾಜ ಮತ್ತು ಕ್ವೀನ್, ಕಪ್ಪಿಗೆ ರಾಜ ಮಾತ್ರ ಉಳಿದಿದೆ. ಕಪ್ಪು ರಾಜ ಎಚ್8ರ ಮೂಲೆಯಲ್ಲಿದ್ದಾನೆ. ಹುಡುಗಿ ಕ್ವೀನನ್ನು ಜಿ6ಕ್ಕೆ ಇಡುತ್ತಾಳೆ. ರಾಜನಿಗೆ ಜಿ8, ಜಿ7, ಎಚ್7 ಮೂರೂ ಮನೆ ಇಲ್ಲ. ಆದರೆ ಚೆಕ್ಕೂ ಇಲ್ಲ. ಇದು ಸ್ಟೇಲ್‌ಮೇಟ್, ಆಟ ಡ್ರಾ. ಅವಳು ಕ್ವೀನನ್ನು ಇ7ರಲ್ಲಿ ಇಟ್ಟಿದ್ದರೆ ರಾಜ ಜಿ8, ಎಚ್8 ಎಂದು ಅತ್ತಿತ್ತ ಓಡಾಡುತ್ತಿದ್ದ. ಅಷ್ಟರಲ್ಲಿ ತನ್ನ ರಾಜನನ್ನು ಜಿ6ಕ್ಕೆ ನಡೆಸಿ ತಂದು ಮೇಟ್ ಮಾಡಬಹುದಿತ್ತು.

ಇಲ್ಲಿಂದ ಮುಂದಿನದ್ದನ್ನು ಗಮನವಿಟ್ಟು ಓದಿ. ಹುಡುಗಿ ‘ಚೆಕ್‌ಮೇಟ್’ ಎಂದು ಗಟ್ಟಿಯಾಗಿ ಹೇಳಿ ಕೈ ಚಾಚುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೂ ಹಾಗೆಯೇ ಅನಿಸಿದೆ. ಹುಡುಗ ಬೋರ್ಡ್ ಸರಿಯಾಗಿ ನೋಡಿದರೆ ಕೈ ಕುಲುಕುವ ಮೊದಲು ಆರ್ಬಿಟರನ್ನು ಕರೆಯುತ್ತಾನೆ, ಅರ್ಧ ಅಂಕ ಸಿಗುತ್ತದೆ. ನೋಡದೆ ಕೈ ಕುಲುಕಿ, ಕಾಯಿ ಜೋಡಿಸಿ, ಸೋತೆ ಎಂದು ಸಹಿ ಹಾಕಿದರೆ ಆ ಅರ್ಧ ಅಂಕ ಮರಳಿ ಸಿಗುವುದು ತುಂಬಾ ಕಷ್ಟ. ನಿಮ್ಮ ಮಗು ಯಾವ ಬದಿಯಲ್ಲಿದ್ದರೂ ಇದೇ ಮಾತು. ಎದುರಿನವರು ಮೇಟ್ ಅಂದ ಕೂಡಲೇ ನಂಬಬಾರದು. ರಾಜನ ಸುತ್ತ ಒಂದೊಂದೇ ಮನೆ ನೋಡಬೇಕು. ಸಂಶಯ ಇದ್ದರೆ ಕಾಯಿ ಮುಟ್ಟದೆ ಕೈ ಎತ್ತಬೇಕು.

ಡ್ರಾ ಬೇರೆ ಯಾವ ಯಾವ ರೀತಿಯಲ್ಲಿ ಆಗುತ್ತದೆ?

ಒಂದೇ ಸ್ಥಿತಿ ಮೂರು ಸಲ ಬಂದರೆ ಕೇಳಿ ಪಡೆಯಬಹುದು. ಐದು ಸಲ ಬಂದರೆ ಕೇಳದೆಯೇ ಡ್ರಾ. ಪಾನ್ ಅಲ್ಲಾಡದೆ, ಯಾವ ಕಾಯಿಯೂ ಹೋಗದೆ ಇಬ್ಬರೂ 50 ಮೂವ್ ಆಡಿದರೆ ಕೇಳಬಹುದು. 75 ಆದರೆ ತಾನಾಗಿಯೇ ಡ್ರಾ. ಮಾತಾಡಿಕೊಂಡು ಡ್ರಾ ಮಾಡುವುದಾದರೆ ಮೊದಲು ಮೂವ್ ಆಡಿ, ‘ಡ್ರಾ?’ ಎಂದು ಕೇಳಿ, ಆಮೇಲೆ ಗಡಿಯಾರ ಒತ್ತಬೇಕು. ಮತ್ತೆ ಮತ್ತೆ ಕೇಳಿ ಕಿರಿಕಿರಿ ಮಾಡಿದರೆ ಅದೂ ತಪ್ಪೇ. ಎದುರಾಳಿ ಹಾಗೆ ಮಾಡುತ್ತಿದ್ದರೆ ಏನು ಮಾಡಬೇಕು ಎಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬಹುದು.

ನಾವು ಪಕ್ಕದಲ್ಲಿ ನಿಂತು ನೋಡಬಹುದಾ?

ಹೆಚ್ಚಿನ ಕಡೆ ಮೊದಲ ಐದು ನಿಮಿಷ ಫೋಟೋ ತೆಗೆಯಲು ಬಿಟ್ಟು ಆಮೇಲೆ ಹೊರಗೆ ಕಳಿಸುತ್ತಾರೆ. ಅದು ಒಳ್ಳೆಯದೇ. ಇಲ್ಲದಿದ್ದರೆ ಕೋಳಿ ಅಂಕದ ಕಳದ ಹಾಗೆ ಸುತ್ತ ಮುತ್ತಿಕೊಂಡು ಬಿಡುತ್ತೇವೆ. ಒಳಗೆ ಬಿಟ್ಟರೂ ಮಾತು, ಸನ್ನೆ, ಕೆಮ್ಮು ಯಾವುದೂ ಬೇಡ. ಅಮ್ಮನ ಮುಖ ನೋಡಿ ಮೂವ್ ಬದಲಿಸುವ ಮಕ್ಕಳಿದ್ದಾರೆ. ಪಾಪ, ಅಮ್ಮನಿಗೆ ಆಟವೇ ಗೊತ್ತಿರುವುದಿಲ್ಲ.

ಯಾವುದೋ ಬೋರ್ಡಿನಲ್ಲಿ ತಪ್ಪು ನಡೆದದ್ದು ನಿಮ್ಮ ಕಣ್ಣಿಗೆ ಬಿದ್ದರೆ ಆರ್ಬಿಟರ್ ಕಿವಿಗೆ ಮಾತ್ರ ಹಾಕಬಹುದು. ಆಡುವವರಿಗೆ ಹೇಳುವ ಹಾಗಿಲ್ಲ. ಎದುರಿನ ಮಗುವನ್ನು ಗದರಿಸುವುದಂತೂ ಬೇಡವೇ ಬೇಡ, ಅದು ನಮ್ಮ ಮಗುವಿಗೇ ಪೆಟ್ಟು ಕೊಡುತ್ತದೆ.

ಆರ್ಬಿಟರ್ ಮಲಯಾಳ ಮಾತಾಡುತ್ತಾರೆ. ನಮ್ಮ ಮಗಳಿಗೆ ಉತ್ತರ ಕೊಡಲು ನಾಚಿಕೆ. ಏನು ಮಾಡುವುದು?

ಕನ್ನಡ ಮಾಧ್ಯಮದ ಮನೆಗಳಿಂದ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಮರಾಠಿಯೋ ಇರುತ್ತದೆ. ಮಲಯಾಳ ಕಿವಿಗೆ ಅರ್ಥವಾದರೂ ಬಾಯಿಗೆ ಬರುವುದಿಲ್ಲ. ಆದರೆ ಬೋರ್ಡಿನ ಮುಂದೆ ಬೇಕಾಗುವ ಮಾತು ಬಹಳ ಕಡಿಮೆ. ‘ಸರ್, ಟಚ್.’ ‘ಸರ್, ಇಲ್ಲೀಗಲ್ ಮೂವ್.’ ‘ಸರ್, ಸ್ಟೇಲ್‌ಮೇಟ್.’ ‘ಡ್ರಾ ಕ್ಲೇಮ್.’ ‘ಟೈಮ್.’ ಇಷ್ಟನ್ನು ಮನೆಯಲ್ಲಿ ಆಟದ ಹಾಗೆ ಹೇಳಿಸಿ. ಅಣ್ಣನೋ ಅಕ್ಕನೋ ಬೇಕೆಂದೇ ತಪ್ಪು ಮೂವ್ ಆಡಲಿ. ಮಗಳು ಗಡಿಯಾರ ನಿಲ್ಲಿಸಲಿ, ಕೈ ಎತ್ತಲಿ, ಗಟ್ಟಿಯಾಗಿ ಹೇಳಲಿ. ನೀವು ಆರ್ಬಿಟರ್ ಆಗಿ.

ಉಳಿದದ್ದನ್ನು ಬೋರ್ಡ್ ಮೇಲೆ ಬೆರಳು ತೋರಿಸಿ ಹೇಳಬಹುದು. ಕನ್ನಡದಲ್ಲೇ ಹೇಳಿದರೂ ಪರವಾಗಿಲ್ಲ. ಕಾಸರಗೋಡಿನ ಹಾಲ್‌ನಲ್ಲಿ ಕನ್ನಡ ತಿಳಿಯುವವರು ಒಬ್ಬರಾದರೂ ಇರುತ್ತಾರೆ. ಕಾಯಲು ಎಷ್ಟು ಹೊತ್ತಾದರೂ ಗಡಿಯಾರ ನಿಂತಿರುತ್ತದೆ, ಸಮಯ ಹೋಗುವುದಿಲ್ಲ ಎಂದು ಮಗಳಿಗೆ ತಿಳಿಸಿ. ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಮೂವ್ ಬರೆಯಲೇಬೇಕಾ?

ಕ್ಲಾಸಿಕಲ್ ಆಟದಲ್ಲಿ ಬರೆಯಲೇಬೇಕು. ರ್‍ಯಾಪಿಡ್, ಬ್ಲಿಟ್ಜ್‌ನಲ್ಲಿ ಕಡ್ಡಾಯ ಇಲ್ಲ. ಆದರೂ ರ್‍ಯಾಪಿಡ್‌ನಲ್ಲಿ ಮೊದಲ ಹದಿನೈದು ಮೂವ್ ಬರೆದಿಟ್ಟರೆ ಮನೆಗೆ ಬಂದು ಎಲ್ಲಿ ತಪ್ಪಿತು ಎಂದು ನೋಡಬಹುದು. ಅವಸರದಲ್ಲಿ ಆಡುವ ಮಗುವಿನ ಕೈಯನ್ನೂ ಪೆನ್ ಸ್ವಲ್ಪ ನಿಧಾನ ಮಾಡುತ್ತದೆ. ಮೊದಲು ಆಡಿ, ಆಮೇಲೆ ಬರೆಯುವುದು ಕ್ರಮ.

ರೇಟಿಂಗ್ ಅಂದರೆ ಏನು? ಯಾವಾಗ ಬರುತ್ತದೆ?

ರೇಟಿಂಗ್ ಇರುವ ಕನಿಷ್ಠ 5 ಜನರ ಎದುರು ಫಿಡೆ ರೇಟೆಡ್ ಟೂರ್ನಮೆಂಟಿನಲ್ಲಿ ಆಡಿದ ಮೇಲೆ, ಫಲಿತಾಂಶ ಸಾಕಷ್ಟು ಚೆನ್ನಾಗಿದ್ದರೆ ಮೊದಲ ರೇಟಿಂಗ್ ಬರುತ್ತದೆ. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400. ಅದಕ್ಕಿಂತ ಕೆಳಗೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಊರಿನ ಎಲ್ಲ ಟೂರ್ನಮೆಂಟುಗಳೂ ರೇಟೆಡ್ ಅಲ್ಲ, ನೋಟೀಸು ನೋಡಿ.

ಏರಿಳಿತದ ಲೆಕ್ಕಕ್ಕೆ ಒಂದು ಉದಾಹರಣೆ. 1500 ಇರುವ ಮಗು 1700 ಇರುವವರ ಎದುರು ಆಡಿದರೆ ಅದರಿಂದ ನಿರೀಕ್ಷೆ 0.24 ಅಂಕ. 18ರ ಒಳಗಿನ, 2300ಕ್ಕಿಂತ ಕಡಿಮೆ ಇರುವ ಮಕ್ಕಳಿಗೆ, ಬಂದ ಅಂಕಕ್ಕೂ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ 40. ಗೆದ್ದರೆ 30.4 ಏರುತ್ತದೆ. ಡ್ರಾ ಆದರೆ 10.4 ಏರುತ್ತದೆ. ಸೋತರೆ 9.6 ಮಾತ್ರ ಇಳಿಯುತ್ತದೆ. ಮಕ್ಕಳ ರೇಟಿಂಗ್ ಒಂದು ತಿಂಗಳು ಹತ್ತಿ ಇನ್ನೊಂದು ತಿಂಗಳು ಜಾರುವುದು ಈ 40ರಿಂದ. ಇಳಿಯಿತೆಂದು ಗಾಬರಿಯಾಗಬೇಡಿ. ರೇಟಿಂಗ್ ಉಳಿಸಲಿಕ್ಕಾಗಿ ಟೂರ್ನಮೆಂಟನ್ನೇ ತಪ್ಪಿಸುವುದು ಹತ್ತು ವರ್ಷದ ಮಗುವಿಗೆ ಕಲಿಸಬಾರದ ಬುದ್ಧಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊಬೈಲಿನಲ್ಲಿ ದಿನವೂ ಆಡುತ್ತಾನೆ. ಸಾಕಲ್ವಾ?

ಮೂರು ನಿಮಿಷದ ಆಟಗಳನ್ನೇ ಆಡಿದರೆ ಕೈ ಚುರುಕಾಗುತ್ತದೆ, ಕೂತು ಯೋಚಿಸುವುದು ಬರುವುದಿಲ್ಲ. ಲಿಚೆಸ್ ಪೂರ್ತಿ ಉಚಿತ, ಅದರಲ್ಲಿ ಲೆಕ್ಕ ಬಿಡಿಸಿದ ಹಾಗೆ ಪಜಲ್‌ಗಳಿವೆ. ಅವನ್ನು ಮಾಡಿಸಿ. ವಾರಕ್ಕೆ ಒಂದೆರಡು ಆಟವಾದರೂ ನಿಜವಾದ ಬೋರ್ಡ್ ಮೇಲೆ, ಗಡಿಯಾರ ಇಟ್ಟು ಆಡಲಿ. ಮೊಬೈಲ್ ತಪ್ಪು ಮೂವ್ ಆಡಲು ಬಿಡುವುದೇ ಇಲ್ಲ. ಹಾಗಾಗಿ ಎದುರಿನವರ ತಪ್ಪು ಮೂವ್ ಹಿಡಿಯುವ ಅಭ್ಯಾಸ ಮೊಬೈಲ್ ಮಕ್ಕಳಿಗೆ ಇರುವುದಿಲ್ಲ.

ಹೆಣ್ಣುಮಕ್ಕಳಿಗೆ ಬೇರೆ ಸ್ಪರ್ಧೆ ಇದೆಯಾ?

ಬೇರೆ ವಿಭಾಗ ಅಥವಾ ಬೇರೆ ಬಹುಮಾನ ಇರುತ್ತದೆ. ಎಲ್ಲರಿಗೂ ತೆರೆದ ವಿಭಾಗದಲ್ಲೂ ಆಡಬಹುದು. ಬಲವಾದ ಎದುರಾಳಿ ಬೇಕಿದ್ದರೆ ತೆರೆದ ವಿಭಾಗಕ್ಕೇ ಹಾಕಿ. ಕೊನೇರು ಹಂಪಿ 2002ರಲ್ಲಿ 15ನೇ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ದಿವ್ಯಾ ದೇಶ್‌ಮುಖ್ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದರು.

ಸಣ್ಣ ಊರಿನಿಂದ ಮುಂದೆ ಬರಲು ಆಗುತ್ತದಾ?

ದಾರಿ ಉದ್ದ, ಖರ್ಚೂ ಇದೆ. ಅದನ್ನು ಮುಚ್ಚಿಟ್ಟು ಹೇಳಲಾರೆ. ಆದರೆ ಕೇರಳದಲ್ಲಿ ಈ ಆಟಕ್ಕೆ ಒಳ್ಳೆಯ ನೆಲ ಇದೆ. ತ್ರಿಶೂರಿನ ನಿಹಾಲ್ ಸರಿನ್ 2014ರಲ್ಲಿ ಅಂಡರ್-10 ವಿಶ್ವ ಚಾಂಪಿಯನ್ ಆಗಿ, 2018ರಲ್ಲಿ 14ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದರು. ಆ ಜಿಲ್ಲೆಯ ಮರೊಟ್ಟಿಚಾಲ್ ಎಂಬ ಹಳ್ಳಿಯಲ್ಲಿ ಚಹಾದ ಅಂಗಡಿಯೊಂದರಿಂದ ಚೆಸ್ ಊರಿಗೆಲ್ಲ ಹಬ್ಬಿದೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ ಆ ಪಟ್ಟ ಪಡೆದದ್ದು 2017ರಲ್ಲಿ, ಮೂವತ್ತು ದಾಟಿದ ಮೇಲೆ. 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಹೆಸರನ್ನೇ ಹಿಡಿದು ಮಗುವನ್ನು ದೂಡುವವರಿಗೆ ಈ ಇನ್ನೊಂದು ಹೆಸರೂ ತಿಳಿದಿರಲಿ.

ಸೋತು ಅಳುತ್ತಾ ಬಂದರೆ?

ಅಳಲಿ. ನೀರು ಕೊಡಿ. ‘ಯಾಕೆ ಆ ಮೂವ್ ಆಡಿದೆ’ ಎಂಬ ಪ್ರಶ್ನೆ ಆ ಹೊತ್ತಿಗೆ ಬೇಡ. ಮುಂದಿನ ಸುತ್ತಿಗೆ ಅರ್ಧ ಗಂಟೆಯೂ ಇರುವುದಿಲ್ಲ. ಆಟದ ವಿಮರ್ಶೆ ಮರುದಿನಕ್ಕಿರಲಿ.

ಊಟ, ತಿಂಡಿ?

ಬುತ್ತಿ ಕಟ್ಟಿಕೊಂಡು ಬನ್ನಿ. ಅವಲಕ್ಕಿ, ಬಾಳೆಹಣ್ಣು, ಮಜ್ಜಿಗೆ ಸಾಕು. ಬಿಸಿ ಗೋಳಿಬಜೆ ತಿಂದು ನಾಲ್ಕನೇ ಸುತ್ತಿನಲ್ಲಿ ತೂಕಡಿಸುವುದು ಬೇಡ. ಏಪ್ರಿಲ್-ಮೇ ರಜೆಯ ಟೂರ್ನಮೆಂಟುಗಳಲ್ಲಿ ಸೆಕೆ ವಿಪರೀತ, ನೀರಿನ ಬಾಟಲಿ ದೊಡ್ಡದೇ ಇರಲಿ.

ಮಗುವಿನ ಹತ್ತಿರ ಫೋನ್ ಇರಬಹುದಾ?

ಬೇಡ. ಸ್ಮಾರ್ಟ್‌ವಾಚ್ ಕೂಡ ಬೇಡ. ಆಟದ ನಡುವೆ ಸದ್ದು ಮಾಡಿದರೆ ಆಟವೇ ಹೋದೀತು.

ಇಬ್ಬರಿಗೂ ಒಂದೇ ಅಂಕ. ನಮ್ಮವಳಿಗೆ ಮಾತ್ರ ಬಹುಮಾನ ಇಲ್ಲ. ಯಾಕೆ?

ಅಂಕ ಸಮ ಆದಾಗ ಟೈಬ್ರೇಕ್ ನೋಡುತ್ತಾರೆ. ಸಾಮಾನ್ಯವಾಗಿ ಬುಕೋಲ್ಟ್ಸ್ ಎಂಬ ಲೆಕ್ಕ. ನೀವು ಆಡಿದ ಎದುರಾಳಿಗಳೆಲ್ಲ ಸೇರಿ ಗಳಿಸಿದ ಅಂಕಗಳ ಮೊತ್ತ ಅದು. ಬಲವಾದವರ ಎದುರು ಆಡಿದವರಿಗೆ ಮೊತ್ತ ಹೆಚ್ಚು ಬರುತ್ತದೆ. ಯಾವ ಟೈಬ್ರೇಕ್ ಎಂದು ನೋಟೀಸಿನಲ್ಲಿ ಮೊದಲೇ ಇರುತ್ತದೆ. ಕೊನೆಯ ಪಟ್ಟಿಯನ್ನು ಗೋಡೆಗೆ ಹಚ್ಚುತ್ತಾರೆ, ಹೆಚ್ಚಿನವರು ಚೆಸ್-ರಿಸಲ್ಟ್ಸ್ ಸೈಟಿಗೂ ಹಾಕುತ್ತಾರೆ. ಅಂಕ ತಪ್ಪಾಗಿ ಬರೆದಿದ್ದರೆ ಬಹುಮಾನ ಕೊಡುವ ಮೊದಲೇ ಹೇಳಬೇಕು. ರೈಲಿನ ಹೊತ್ತಾಯಿತೆಂದು ಹೊರಡುವ ಮೊದಲು ಆ ಪಟ್ಟಿಯನ್ನು ಮಗಳೇ ಒಮ್ಮೆ ಓದಲಿ, ತಪ್ಪಿದ್ದರೆ ಮೇಜಿನ ಹತ್ತಿರ ಹೋಗಿ ಅವಳೇ ಕೇಳಲಿ. ನೀವು ಹಿಂದೆ ನಿಂತರೆ ಸಾಕು.